ಶಿನ್ ಎಂಪರರ್‌ನ ಹತ್ತು ವಾರ: ಕುದುರೆಗೆ ತವರು ಎಂದರೆ ಯಾವ ನೆಲ?

2024ರ ಸೆಪ್ಟೆಂಬರ್ 14ರಂದು ಐರ್ಲೆಂಡಿನ ಲೆಪರ್ಡ್ಸ್‌ಟೌನ್‌ನಲ್ಲಿ ಮೂರನೆಯ ಸ್ಥಾನ. ಅಕ್ಟೋಬರ್ 6ರಂದು ಪ್ಯಾರಿಸ್ಸಿನ ಲಾಂಗ್‌ಶಾಂನಲ್ಲಿ, ಹದಿನಾರು ಕುದುರೆಗಳ ನಡುವೆ ಹನ್ನೆರಡನೆಯ ಸ್ಥಾನ. ನವೆಂಬರ್ 24ರಂದು ಟೋಕಿಯೊದ ಜಪಾನ್ ಕಪ್‌ನಲ್ಲಿ ಇನ್ನೊಂದು ಕುದುರೆಯ ಜೊತೆ ಸಮನಾಗಿ ಎರಡನೆಯ ಸ್ಥಾನ. ಹತ್ತು ವಾರ, ಮೂರು ದೇಶ, ಒಂದೇ ಕುದುರೆ. ಹೆಸರು ಶಿನ್ ಎಂಪರರ್. ಮೂರೂ ರೇಸುಗಳಲ್ಲಿ ಬೆನ್ನ ಮೇಲಿದ್ದ ಜಾಕಿಯೂ ಒಬ್ಬನೇ, ರ್ಯೂಸೆ ಸಕಾಯ್.

ಲಾಂಗ್‌ಶಾಂನ ಫಲಿತಾಂಶವನ್ನಷ್ಟೇ ನೋಡಿದವರಿಗೆ ಇದು ಹಳೆಯ ಕಥೆ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂದು ಹೇಳಿ ಮುಗಿಸಿಬಿಡಬಹುದು. ಜಪಾನಿನ ಕುದುರೆಗಳ ಬಗ್ಗೆ ಈ ಮಾತು ದಶಕಗಳಿಂದ ಓಡಾಡುತ್ತಿದೆ, ಅದಕ್ಕೆ ಆಧಾರವೂ ಇದೆ. ಲಾಂಗ್‌ಶಾಂನಲ್ಲಿ ಪ್ರತಿ ಅಕ್ಟೋಬರ್‌ನ ಮೊದಲ ಭಾನುವಾರ ನಡೆಯುವ 2400 ಮೀಟರಿನ ಪ್ರಿ ದ ಲಾರ್ಕ್ ದ ತ್ರಿಯೋಂಫ್, ರೇಸ್ ಬಲ್ಲವರ ಬಾಯಲ್ಲಿ ಬರೀ ಆರ್ಕ್, ಯೂರೋಪಿನ ಅತಿ ದೊಡ್ಡ ರೇಸ್. 1969ರಲ್ಲಿ ಸ್ಪೀಡ್ ಸಿಂಬೋಲಿ ಎಂಬ ಕುದುರೆ ಜಪಾನಿನಿಂದ ಮೊದಲ ಬಾರಿಗೆ ಅಲ್ಲಿಗೆ ಹೋಯಿತು. ಅಂದಿನಿಂದ 2025ರವರೆಗೆ ಜಪಾನಿನಲ್ಲಿ ತರಬೇತಿ ಪಡೆದ ಒಂದು ಕುದುರೆಯೂ ಆರ್ಕ್ ಗೆದ್ದಿಲ್ಲ. ಹೋದವು ಸಾಮಾನ್ಯ ಕುದುರೆಗಳಲ್ಲ. ಮೂರು ವರ್ಷದ ಕುದುರೆಗಳ ದೊಡ್ಡ ರೇಸಾದ ಡರ್ಬಿ ಗೆದ್ದಂಥವು, ಆ ವಯಸ್ಸಿನ ಮೂರು ದೊಡ್ಡ ರೇಸುಗಳನ್ನೂ ಗೆದ್ದು ಟ್ರಿಪಲ್ ಕ್ರೌನ್ ಪಡೆದಂಥವು.

ಆದರೆ ಶಿನ್ ಎಂಪರರ್‌ನ ಹತ್ತು ವಾರಗಳು ಆ ಗಾದೆಗೆ ಒಗ್ಗುವುದಿಲ್ಲ. ಹೊರಗೆ ಹೋದ ಕುದುರೆ ಸೋಲುತ್ತದೆ ಎನ್ನುವುದಾದರೆ ಲೆಪರ್ಡ್ಸ್‌ಟೌನ್‌ನಲ್ಲೂ ಸೋಲಬೇಕಿತ್ತು. ಅಲ್ಲಿ ಓಡಿದ್ದು ಐರಿಷ್ ಚಾಂಪಿಯನ್ ಸ್ಟೇಕ್ಸ್. ಗೆದ್ದ ಇಕನಾಮಿಕ್ಸ್‌ಗೂ ಮೂರನೆಯದಾಗಿ ಬಂದ ಇದಕ್ಕೂ ನಡುವೆ ಇದ್ದದ್ದು ಸುಮಾರು ಒಂದು ಲೆಂಗ್ತ್, ಅಂದರೆ ಒಂದು ಕುದುರೆಯ ಮೈಯುದ್ದ, ಮಾತ್ರ. ಹಾಗಾದರೆ ಮೂರೇ ವಾರಗಳಲ್ಲಿ ಏನಾಯಿತು? ಈ ಪ್ರಕರಣವನ್ನು ಬಿಡಿಸಿ ನೋಡಬೇಕೆನಿಸಿದ್ದು ಇದಕ್ಕೇ.

ಹುಟ್ಟು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ

ಶಿನ್ ಎಂಪರರ್ ಹುಟ್ಟಿದ್ದು ಫ್ರಾನ್ಸಿನಲ್ಲಿ. ತಂದೆ ಸಿಯೂನಿ, ತಾಯಿ ಸ್ಟಾರ್ಲೆಟ್ಸ್ ಸಿಸ್ಟರ್. 2020ರಲ್ಲಿ, ಮಳೆಯಲ್ಲಿ ನೆನೆದು ಭಾರವಾಗಿದ್ದ ಲಾಂಗ್‌ಶಾಂ ನೆಲದ ಮೇಲೆ, ಆರ್ಕ್ ಗೆದ್ದ ಸೊತ್ಸಾಸ್ ಇದರ ಒಡಹುಟ್ಟಿದ ಅಣ್ಣ. ತಂದೆಯೂ ಒಂದೇ, ತಾಯಿಯೂ ಒಂದೇ. ಅದೇ ತಾಯಿಯ ಮಗಳು ಸಿಸ್ಟರ್‌ಚಾರ್ಲಿ ಅಮೆರಿಕದ ಬ್ರೀಡರ್ಸ್ ಕಪ್ ಎಂಬ ದೊಡ್ಡ ರೇಸ್ ಕೂಟದಲ್ಲಿ ಗೆದ್ದವಳು. 2022ರ ಆಗಸ್ಟ್‌ನಲ್ಲಿ ದೋವಿಲ್‌ನ ಹರಾಜಿನಲ್ಲಿ, ಇನ್ನೂ ಒಂದು ವರ್ಷದ ಮರಿಯಾಗಿದ್ದಾಗ, ಜಪಾನಿನ ಟ್ರೇನರ್ ಯೋಶಿತೊ ಯಾಹಗಿ ಇದನ್ನು 21 ಲಕ್ಷ ಯೂರೊಗೆ ಕೊಂಡರು. ಆರ್ಕ್ ಗೆದ್ದ ಕುದುರೆಯ ತಮ್ಮನನ್ನು ಇಷ್ಟು ಹಣ ಕೊಟ್ಟು ಕೊಳ್ಳುವಾಗ ಮನಸ್ಸಿನಲ್ಲಿ ಆರ್ಕ್ ಇಲ್ಲದೆ ಇರುತ್ತದೆಯೇ?

ಕುದುರೆ ಜಪಾನಿಗೆ ಹೋಯಿತು, ಅಲ್ಲೇ ಪಳಗಿತು, ಅಲ್ಲೇ ಓಡಿತು. 2024ರ ಜಪಾನ್ ಡರ್ಬಿಯಲ್ಲಿ ಮೂರನೆಯದಾಗಿ ಬಂತು. ರಕ್ತ ಫ್ರಾನ್ಸಿನದು, ಕಾಲು ಕಲಿತದ್ದು ಜಪಾನಿನದು. ಪ್ರಕರಣದ ಬೀಜ ಇರುವುದು ಈ ಜೋಡಣೆಯಲ್ಲಿ ಎಂದು ನನ್ನ ಅಭಿಪ್ರಾಯ.

ಮೊದಲ ಅನುಮಾನ ಪ್ರಯಾಣದ ಮೇಲೆ

ದೂರದ ಊರಿನಲ್ಲಿ ಸೋತ ಕುದುರೆಯ ವಿಷಯದಲ್ಲಿ ಎಲ್ಲರೂ ಮೊದಲು ಬೆರಳು ತೋರಿಸುವುದು ಪ್ರಯಾಣದ ಕಡೆಗೆ. ಅದು ಪೊಳ್ಳು ಅನುಮಾನವೇನಲ್ಲ. ಕುದುರೆ ತಲೆ ತಗ್ಗಿಸಿ ಮೇಯುವ ಪ್ರಾಣಿ. ತಲೆ ಕೆಳಗಿದ್ದಾಗಲೇ ಶ್ವಾಸನಾಳದಲ್ಲಿ ಸೇರಿದ ಧೂಳು, ಲೋಳೆ ಇಳಿದು ಹೊರಗೆ ಬರುವುದು. ವಿಮಾನದ ಇಕ್ಕಟ್ಟಾದ ಸ್ಟಾಲ್‌ನಲ್ಲಿ, ಟ್ರಕ್ಕಿನಲ್ಲಿ, ತಲೆ ಎತ್ತಿ ಕಟ್ಟಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ನಿಂತರೆ ಅದು ಒಳಗೇ ಉಳಿದು ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯಲು ದಾರಿಯಾಗುತ್ತದೆ. ಲಾಯದವರು ಶಿಪ್ಪಿಂಗ್ ಫೀವರ್ ಎಂದು ಹೆದರುವುದು ಇದಕ್ಕೇ. ಹೊಸ ಊರಿನ ನೀರಿನ ರುಚಿ ಹಿಡಿಸದೆ ಕಡಿಮೆ ಕುಡಿಯುವ ಕುದುರೆಗಳಿವೆ; ನೀರು ಕಡಿಮೆಯಾದರೆ ಕರುಳು ಕಟ್ಟಿ ಹೊಟ್ಟೆನೋವು ಬರುತ್ತದೆ. ಮೈತೂಕ ಇಳಿಯುತ್ತದೆ. ಜೊತೆಯ ಕುದುರೆಗಳು ಕಾಣದಿದ್ದರೆ ಕೆಲವು ಮೇವನ್ನೇ ಬಿಟ್ಟು ಬಾಗಿಲ ಬಳಿ ಓಡಾಡುತ್ತಿರುತ್ತವೆ. ಅದಕ್ಕೇ ದೂರದ ರೇಸಿಗೆ ಹೋಗುವಾಗ ಒಂದು ಸಂಗಾತಿ ಕುದುರೆಯನ್ನೂ ಕರೆದೊಯ್ಯುವ ರೂಢಿ.

ಇವೆಲ್ಲ ನಿಜ. ಆದರೆ ಪ್ರಯಾಣ ಕೆಡಿಸಿದ ಕುದುರೆ ರೇಸಿನ ದಿನದವರೆಗೂ ಗುಟ್ಟು ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಸಂಜೆ ನೋಡುವ ಜ್ವರದಲ್ಲಿ, ತೊಟ್ಟಿಯಲ್ಲಿ ಉಳಿದ ಮೇವಿನಲ್ಲಿ, ತೂಕದಲ್ಲಿ, ಬೆಳಗಿನ ಗ್ಯಾಲಪ್‌ನಲ್ಲಿ ಅದು ಕಾಣುತ್ತದೆ. ಶಿನ್ ಎಂಪರರ್‌ನ ವಿಷಯದಲ್ಲಿ ಜಪಾನಿನಿಂದ ಯೂರೋಪಿಗೆ ಹಾರಿದ ದೊಡ್ಡ ಪ್ರಯಾಣ ಲೆಪರ್ಡ್ಸ್‌ಟೌನ್‌ಗೆ ಮೊದಲೇ ಮುಗಿದಿತ್ತು. ಅದಾದ ಮೇಲೂ ಕುದುರೆ ಅಲ್ಲಿ ಪ್ರಾಣಕೊಟ್ಟು ಓಡಿತು.

ಇನ್ನೊಂದು ಮಾತು. ಪರದೇಶಕ್ಕೆ ಕುದುರೆ ಒಯ್ದು ಗೆಲ್ಲುವುದರಲ್ಲಿ ಯಾಹಗಿಯವರಿಗಿಂತ ಪಳಗಿದವರು ಇವತ್ತು ಜಪಾನಿನಲ್ಲಿ ಸಿಗುವುದು ಕಷ್ಟ. 2019ರಲ್ಲಿ ಅವರ ಲಿಸ್ ಗ್ರಾಸ್ಯೂ ಆಸ್ಟ್ರೇಲಿಯಾದ ಕಾಕ್ಸ್ ಪ್ಲೇಟ್ ಗೆದ್ದಿತು. 2021ರಲ್ಲಿ ಅಮೆರಿಕದ ಡೆಲ್ ಮಾರ್‌ನಲ್ಲಿ ಒಂದೇ ದಿನ ಲವ್ಸ್ ಓನ್ಲಿ ಯೂ, ಮಾರ್ಷ್ ಲೊರೇನ್ ಎರಡೂ ಒಂದೊಂದು ಬ್ರೀಡರ್ಸ್ ಕಪ್ ರೇಸ್ ಗೆದ್ದವು. 2023ರಲ್ಲಿ ಪ್ಯಾಂಥಲಾಸಾ ಸೌದಿ ಕಪ್ ಗೆದ್ದಿತು. 2025ರಲ್ಲಿ ಫಾರೆವರ್ ಯಂಗ್, ಇದೇ ಸಕಾಯ್ ಸವಾರಿಯಲ್ಲಿ, ಬ್ರೀಡರ್ಸ್ ಕಪ್ ಕ್ಲಾಸಿಕ್ ಅನ್ನೇ ಗೆದ್ದಿತು. ಈ ಲಾಯಕ್ಕೆ ಕುದುರೆಯನ್ನು ವಿಮಾನ ಹತ್ತಿಸುವುದು ಗೊತ್ತಿಲ್ಲ ಎಂದು ಯಾರೂ ಹೇಳಲಾರರು.

ಬೇರೆ ಲಾಯಗಳ ಲೆಕ್ಕವೂ ಇದೇ ಕಡೆ ವಾಲುತ್ತದೆ. 2006ರ ಮೆಲ್ಬರ್ನ್ ಕಪ್‌ನಲ್ಲಿ ಮೊದಲೆರಡು ಸ್ಥಾನ ಜಪಾನಿನ ಡೆಲ್ಟಾ ಬ್ಲೂಸ್ ಮತ್ತು ಪಾಪ್ ರಾಕ್‌ಗೆ. ಹಾಂಗ್‌ಕಾಂಗ್ ಸ್ಪ್ರಿಂಟ್ ಅನ್ನು ಲಾರ್ಡ್ ಕನಲೋವಾ 2012ರಲ್ಲೂ 2013ರಲ್ಲೂ ಗೆದ್ದಿತು. ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎನಿಸುವುದು 1999ರ ಆರ್ಕ್ ದಿನದ್ದು. ಅಂದು ಲಾಂಗ್‌ಶಾಂನಲ್ಲೇ, 1000 ಮೀಟರಿನ ಪ್ರಿ ದ ಲಬೆ ರೇಸನ್ನು ಜಪಾನಿನಿಂದ ಹೋಗಿದ್ದ ಆಗ್ನೆಸ್ ವರ್ಲ್ಡ್ ಗೆದ್ದಿತು. ಅದೇ ಊರು, ಅದೇ ಮೈದಾನ, ಅದೇ ಮಧ್ಯಾಹ್ನ. ಪ್ರಯಾಣವೇ ಅಪರಾಧಿಯಾಗಿದ್ದರೆ ಆಗ್ನೆಸ್ ವರ್ಲ್ಡ್ ಮಾತ್ರ ಹೇಗೆ ತಪ್ಪಿಸಿಕೊಂಡಿತು?

ನೆಲ

ಟೋಕಿಯೊದ ಕೊನೆಯ ನೇರ ಓಟ 525.9 ಮೀಟರ್. ಲಾಂಗ್‌ಶಾಂನದು 533 ಮೀಟರ್. ಕಾಗದದ ಮೇಲೆ ಎರಡೂ ಒಂದೇ. ಆದರೆ ಆ ನೇರ ಓಟಕ್ಕೆ ಬರುವಷ್ಟರಲ್ಲಿ ಕುದುರೆಯ ಮೈಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದರಲ್ಲಿ ಎರಡಕ್ಕೂ ಅಜಗಜಾಂತರ.

ಆರ್ಕ್ ಶುರುವಾಗುವುದು ಹಳೆಯ ಗಾಳಿಗಿರಣಿಯ ಬಳಿ. ಮೊದಲ ನಾನೂರು ಮೀಟರ್ ಹೆಚ್ಚು ಕಡಿಮೆ ಸಮತಟ್ಟು. ಅಲ್ಲಿಂದ ಏರು ಶುರು. ಸುಮಾರು ಸಾವಿರ ಮೀಟರ್ ಗುರುತಿಗೆ ಬರುವಾಗ ಕುದುರೆ ಹತ್ತು ಮೀಟರ್ ಎತ್ತರ ಏರಿರುತ್ತದೆ. ಆಮೇಲೆ ಬಲಕ್ಕೆ ತಿರುಗುತ್ತಾ ಇಳಿಜಾರು. ಇಳಿದ ಮೇಲೆ ಸುಮಾರು 250 ಮೀಟರಿನ ಹುಸಿ ನೇರ. ಅನುಭವವಿಲ್ಲದ ಜಾಕಿ ಇದೇ ಕೊನೆಯ ಓಟವೆಂದು ಕುದುರೆಯನ್ನು ಬಿಟ್ಟುಬಿಟ್ಟರೆ ಮುಗಿಯಿತು, ನಿಜವಾದ ನೇರ ಓಟ ಇನ್ನೂ ಮುಂದಿದೆ. ಟೋಕಿಯೊದಲ್ಲೂ ಏರಿಳಿತವಿದೆ, ಆದರೆ ಮೂರು ಮೀಟರಿನೊಳಗೆ.

ಇನ್ನು ಹುಲ್ಲು. ಜಪಾನಿನ ಬಹುತೇಕ ಟ್ರ್ಯಾಕ್‌ಗಳ ಬುಡದಲ್ಲಿರುವುದು ನೋಶಿಬ ಎಂಬ ಅಲ್ಲಿನ ಹುಲ್ಲು. ನೆಲದ ಮೇಲೂ ಒಳಗೂ ಬಳ್ಳಿ ಹರಡಿ ಹೆಣೆದ ಚಾಪೆಯಂತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೆಳಗಿನ ಮಣ್ಣಿನಿಂದ ನೀರು ಬೇಗ ಬಸಿದುಹೋಗುತ್ತದೆ. ಗೊರಸು ಇಟ್ಟಾಗ ನೆಲ ಸ್ವಲ್ಪವೇ ಬಾಗಿ ತಕ್ಷಣ ಎತ್ತಿ ಕೊಡುತ್ತದೆ. ಲಾಂಗ್‌ಶಾಂನದು ರೈ ಜಾತಿಯ ಹುಲ್ಲು. ಗರಿಗಳು ಉದ್ದ, ಬುಡ ಗುಂಪುಗುಂಪು. ಅಕ್ಟೋಬರ್‌ನ ಪ್ಯಾರಿಸ್ ಮಳೆ ಬಿದ್ದರೆ ಅಡಿಯ ಮಣ್ಣು ಮೆತ್ತಗಾಗಿ ಕಾಲನ್ನು ಹಿಡಿದುಕೊಳ್ಳುತ್ತದೆ.

ಗೊರಸಿನ ಮಟ್ಟಕ್ಕೆ ಇಳಿದು ನೋಡೋಣ. ಗಟ್ಟಿ ನೆಲದಲ್ಲಿ ಓಡುವ ಕುದುರೆ ಗೊರಸನ್ನು ಇಡುತ್ತದೆ, ಮೈಭಾರ ಅದರ ಮೇಲೆ ಹಾಯುತ್ತದೆ, ಗೊರಸಿನ ತುದಿಯಿಂದ ನೆಲವನ್ನು ಒದ್ದು ಮುಂದೆ ಚಿಮ್ಮುತ್ತದೆ. ಒದ್ದ ಶಕ್ತಿಯ ಬಹುಪಾಲು ಮುಂದಕ್ಕೆ ಹೋಗುತ್ತದೆ. ಕೆಸರು ನೆಲದಲ್ಲಿ ಗೊರಸು ಮೊದಲು ಹೂತುಕೊಳ್ಳುತ್ತದೆ. ಒದೆಯುವ ಕ್ಷಣದಲ್ಲಿ ಮಣ್ಣು ಹಿಂದಕ್ಕೆ ಜರಿಯುತ್ತದೆ. ಆಮೇಲೆ ಹೂತ ಕಾಲನ್ನು ಮೇಲಕ್ಕೆ ಕೀಳಬೇಕು. ಹೆಜ್ಜೆ ಹೆಜ್ಜೆಗೂ ಈ ಮೂರು ನಷ್ಟ. ಗ್ಯಾಲಪ್‌ನಲ್ಲಿ ಕುದುರೆಯ ಉಸಿರು ಹೆಜ್ಜೆಗೆ ಕಟ್ಟಿಕೊಂಡಿರುತ್ತದೆ, ಒಂದು ನೆಗೆತಕ್ಕೆ ಒಂದು ಉಸಿರು. ನೆಗೆತದ ಲಯ ಕೆಟ್ಟರೆ ಉಸಿರಿನ ಲಯವೂ ಕೆಡುತ್ತದೆ. ಮೊಣಕಾಲನ್ನು ಎತ್ತಿ ಎತ್ತಿ ಓಡುವ ಕುದುರೆ ಇಂಥ ನೆಲವನ್ನು ಹೇಗೋ ನಿಭಾಯಿಸುತ್ತದೆ. ನೆಲವನ್ನು ಸವರಿಕೊಂಡು ಉದ್ದಕ್ಕೆ ಚಾಚಿ ಓಡುವ ಕುದುರೆಗೆ ಅದು ಶಿಕ್ಷೆ. ಟೋಕಿಯೊದ ನೆಲ ದಶಕಗಳಿಂದ ಆರಿಸಿ ಆರಿಸಿ ಗೆಲ್ಲಿಸಿದ್ದು ಈ ಎರಡನೆಯ ಬಗೆಯ ಕುದುರೆಯನ್ನೇ.

ಗಡಿಯಾರವೂ ಇದನ್ನೇ ಹೇಳುತ್ತದೆ. 2018ರ ಜಪಾನ್ ಕಪ್‌ನಲ್ಲಿ ಆಲ್ಮಂಡ್ ಐ 2400 ಮೀಟರನ್ನು 2 ನಿಮಿಷ 20.6 ಸೆಕೆಂಡಿನಲ್ಲಿ ಓಡಿತು. ಆರ್ಕ್‌ನ ದಾಖಲೆ, 2011ರಲ್ಲಿ ಒಣ ನೆಲದ ಮೇಲೆ ಡೇನ್‌ಡ್ರೀಮ್ ಮಾಡಿದ್ದು, 2 ನಿಮಿಷ 24.49 ಸೆಕೆಂಡು. ಸೊತ್ಸಾಸ್ ಗೆದ್ದ ವರ್ಷ ಅದೇ ದೂರಕ್ಕೆ 2 ನಿಮಿಷ 39 ಸೆಕೆಂಡು ದಾಟಿತ್ತು. ಟೋಕಿಯೊದ ರೇಸಿಗೂ ಮಳೆಯ ವರ್ಷದ ಆರ್ಕ್‌ಗೂ ದೂರವೊಂದು ಬಿಟ್ಟರೆ ಸಮಾನವಾದದ್ದು ಬಹಳ ಕಡಿಮೆ.

2024ರ ಆರ್ಕ್ ದಿನವೂ ಲಾಂಗ್‌ಶಾಂ ನೆಲ ಬಹಳ ಮೆತ್ತಗಿತ್ತು. ಲೆಪರ್ಡ್ಸ್‌ಟೌನ್‌ನಲ್ಲಿ ಹಾಗಿರಲಿಲ್ಲ, ಕುದುರೆ ತನ್ನ ನಡೆಯಲ್ಲಿ ಓಡುವಂತಿತ್ತು. ಮೂರು ವಾರಗಳಲ್ಲಿ ಬದಲಾದದ್ದು ಕುದುರೆಯಲ್ಲ. ಬ್ಲೂಸ್ಟಾಕಿಂಗ್ ಗೆದ್ದ ಆ ರೇಸಿನ ಕೊನೆಯ ನೇರ ಓಟದಲ್ಲಿ ಸಕಾಯ್ ಕೇಳಿದಾಗ ಕೊಡಲು ಶಿನ್ ಎಂಪರರ್ ಹತ್ತಿರ ಏನೂ ಉಳಿದಿರಲಿಲ್ಲ.

ಅದಲುಬದಲಾದ ಎರಡು ಕುದುರೆ

ನೆಲದ ವಾದ ಹೊಸದಲ್ಲ. ಅದಕ್ಕೆ ಬರುವ ಮರುಪ್ರಶ್ನೆಯೂ ಹೊಸದಲ್ಲ: ಇದು ನೆಲದ ಮಾತೋ, ರಕ್ತದ ಮಾತೋ? ಜಪಾನಿನ ತಳಿಯೇ ವೇಗದ ತಳಿ, ಕೆಸರಿಗೆ ಆಗಿಬರುವುದಿಲ್ಲ ಎನ್ನುವವರು ಬಹಳ. 1989ರ ಕೆಂಟಕಿ ಡರ್ಬಿ ಗೆದ್ದ ಸಂಡೇ ಸೈಲೆನ್ಸ್ ಜಪಾನಿಗೆ ಬಂದು 1995ರಿಂದ ಸತತ ಹದಿಮೂರು ವರ್ಷ ಅಲ್ಲಿನ ಅಗ್ರ ತಂದೆಕುದುರೆಯಾಗಿ ಮೆರೆಯಿತು. ಆಮೇಲಿನ ದಶಕವನ್ನು ಆಳಿದ್ದು ಅದರ ಮಗ ಡೀಪ್ ಇಂಪ್ಯಾಕ್ಟ್. ಅದರ ಮಕ್ಕಳಲ್ಲಿ ಡರ್ಬಿ ಗೆದ್ದ ಮಕಾಹಿಕಿ 2016ರ ಆರ್ಕ್‌ನಲ್ಲಿ ಹದಿನಾಲ್ಕನೆಯದು, ಸತೋನೊ ಡೈಮಂಡ್ 2017ರಲ್ಲಿ ಹದಿನೈದನೆಯದು, ಫಿಯೆರ್‌ಮಾಂ 2019ರಲ್ಲಿ ಹನ್ನೆರಡನೆಯದು. ಪಟ್ಟಿ ಹೀಗಿರುವಾಗ ರಕ್ತವನ್ನು ದೂರುವುದು ಸಹಜ.

ಆದರೆ ಅದೇ ಡೀಪ್ ಇಂಪ್ಯಾಕ್ಟ್‌ನ ಮಕ್ಕಳು ಯೂರೋಪಿನ ಲಾಯಗಳಲ್ಲಿ ಬೆಳೆದಾಗ? ಸ್ಯಾಕ್ಸನ್ ವಾರಿಯರ್ 2018ರಲ್ಲಿ ಇಂಗ್ಲೆಂಡಿನ 2000 ಗಿನೀಸ್ ಎಂಬ ದೊಡ್ಡ ರೇಸ್ ಗೆದ್ದಿತು. ಸ್ಟಡಿ ಆಫ್ ಮ್ಯಾನ್ ಅದೇ ವರ್ಷ ಫ್ರೆಂಚ್ ಡರ್ಬಿ ಗೆದ್ದಿತು. ಜಪಾನಿನಲ್ಲೇ ಹುಟ್ಟಿ ಐರ್ಲೆಂಡಿನಲ್ಲಿ ಪಳಗಿದ ಸ್ನೋಫಾಲ್ 2021ರಲ್ಲಿ ಇಂಗ್ಲೆಂಡಿನ ಹೆಣ್ಣು ಕುದುರೆಗಳ ದೊಡ್ಡ ರೇಸಾದ ಎಪ್ಸಮ್ ಓಕ್ಸ್ ಅನ್ನು, ಅದೂ ಮೆತ್ತಗಿನ ನೆಲದ ಮೇಲೆ, ಹದಿನಾರು ಲೆಂಗ್ತ್ ಅಂತರದಿಂದ ಗೆದ್ದಳು. ಕೆಸರಿಗೆ ಆಗದ ರಕ್ತವಾಗಿದ್ದರೆ ಹದಿನಾರು ಲೆಂಗ್ತ್ ಎಲ್ಲಿಂದ ಬಂತು?

ಮತ್ತೆ ನಮ್ಮ ಪ್ರಕರಣಕ್ಕೆ ಬರೋಣ. ಲೆಪರ್ಡ್ಸ್‌ಟೌನ್‌ನಲ್ಲಿ ಶಿನ್ ಎಂಪರರ್‌ಗಿಂತ ಮುಂದೆ ಎರಡನೆಯದಾಗಿ ಬಂದದ್ದು ಆಗಸ್ಟ್ ರೋಡಿನ್. ಅದೂ ಡೀಪ್ ಇಂಪ್ಯಾಕ್ಟ್‌ನ ಮಗ. ಹುಟ್ಟಿ ಬೆಳೆದದ್ದು ಐರ್ಲೆಂಡಿನಲ್ಲಿ, ಗೆದ್ದದ್ದು 2023ರ ಎಪ್ಸಮ್ ಡರ್ಬಿ. ಹತ್ತು ವಾರಗಳ ನಂತರ ಇವೆರಡೂ ಟೋಕಿಯೊದಲ್ಲಿ ಮತ್ತೆ ಎದುರಾದವು. ಐರ್ಲೆಂಡಿನಲ್ಲಿ ಮುಂದೆ ಬಂದಿದ್ದ ಆಗಸ್ಟ್ ರೋಡಿನ್ ಇಲ್ಲಿ ಎಂಟನೆಯದು. ಅಲ್ಲಿ ಅದರ ಹಿಂದೆ ಉಳಿದಿದ್ದ ಶಿನ್ ಎಂಪರರ್ ಎರಡನೆಯದು, ಮೊದಲನೆಯದಕ್ಕೂ ಅದಕ್ಕೂ ಕತ್ತಿನಳತೆಯ ಅಂತರ. ಜಪಾನಿನ ಮಹಾ ತಂದೆಕುದುರೆಯ ಮಗ ಟೋಕಿಯೊದಲ್ಲಿ ಹೊರಗಿನವನಾದ. ಆರ್ಕ್ ಗೆದ್ದ ಕುದುರೆಯ ತಮ್ಮ ಅಲ್ಲಿ ಮನೆಮಗನಾದ. ರಕ್ತ ಒಂದು ಕಡೆ, ಪಳಗಿದ ನೆಲ ಇನ್ನೊಂದು ಕಡೆ ಎಂದು ಯಾರಾದರೂ ಬೇಕೆಂದೇ ಪರೀಕ್ಷೆ ಏರ್ಪಡಿಸಿದ್ದರೂ ಇಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ. ಆ ಜಪಾನ್ ಕಪ್ ಗೆದ್ದದ್ದು ಡೂ ಡ್ಯೂಸ್, 2022ರ ಆರ್ಕ್‌ನಲ್ಲಿ ಇಪ್ಪತ್ತು ಕುದುರೆಗಳ ನಡುವೆ ಹತ್ತೊಂಬತ್ತನೆಯದಾಗಿ ಬಂದಿದ್ದ ಕುದುರೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಆಗಸ್ಟ್ ರೋಡಿನ್ ಮೊದಲಿನಿಂದಲೂ ನಂಬಿಕೆಗೆ ಸಿಗದ ಕುದುರೆ. 2023ರ 2000 ಗಿನೀಸ್‌ನಲ್ಲಿ ಹನ್ನೆರಡನೆಯದಾಗಿ ಬಂದು, ಮುಂದಿನ ತಿಂಗಳೇ ಡರ್ಬಿ ಗೆದ್ದದ್ದು ಅದು. ಆದ್ದರಿಂದ ಅದರ ಎಂಟನೆಯ ಸ್ಥಾನದ ಪೂರ್ತಿ ಹೊಣೆಯನ್ನು ಟೋಕಿಯೊ ನೆಲದ ಮೇಲೆ ಹಾಕಲಾರೆ. ಆದರೆ ಯೂರೋಪಿನ ಕುದುರೆಗಳು ಟೋಕಿಯೊದಲ್ಲಿ ತಡವರಿಸುವುದು ಆ ಒಂದು ದಿನದ ಕಥೆಯಲ್ಲ. 1999ರಲ್ಲಿ ಆರ್ಕ್ ಗೆದ್ದ ಮೊಂಜ್ಯೂ ಮುಂದಿನ ತಿಂಗಳು ಜಪಾನ್ ಕಪ್‌ನಲ್ಲಿ ನಾಲ್ಕನೆಯದು. 2011ರ ಡೇನ್‌ಡ್ರೀಮ್ ಆರನೆಯದು. 2005ರಲ್ಲಿ ಆಲ್ಕಾಸೆಡ್ ಗೆದ್ದ ಮೇಲೆ ಹೊರಗಿನ ಕುದುರೆಯೊಂದು ಜಪಾನ್ ಕಪ್ ಗೆಲ್ಲಲು 2025ರಲ್ಲಿ ಕಲಂಡಗಾನ್ ಬರುವವರೆಗೆ ಇಪ್ಪತ್ತು ವರ್ಷ ಹಿಡಿಯಿತು. ಮನೆಯಲ್ಲಿ ಹುಲಿ ಎನ್ನುವ ಮಾತು ಅನ್ವಯಿಸುವುದಾದರೆ ಎರಡೂ ಕಡೆಯವರಿಗೂ ಅನ್ವಯಿಸಬೇಕು.

ಹತ್ತಿರ ಬಂದವು

ಜಪಾನಿನ ಕುದುರೆಗಳು ಆರ್ಕ್‌ನಲ್ಲಿ ನಾಲ್ಕು ಬಾರಿ ಎರಡನೆಯದಾಗಿವೆ: 1999ರಲ್ಲಿ ಎಲ್ ಕೊಂಡೋರ್ ಪಾಸಾ, 2010ರಲ್ಲಿ ನಕಯಾಮ ಫೆಸ್ಟಾ, 2012 ಮತ್ತು 2013ರಲ್ಲಿ ಓರ್ಫೆವ್ರ್. ಈ ಮೂರನ್ನು ಪಕ್ಕದಲ್ಲಿಟ್ಟು ನೋಡದೆ ಶಿನ್ ಎಂಪರರ್‌ನ ಪ್ರಕರಣ ಪೂರ್ತಿಯಾಗುವುದಿಲ್ಲ.

ಎಲ್ ಕೊಂಡೋರ್ ಪಾಸಾದ ಟ್ರೇನರ್ ಯೋಶಿತಾಕಾ ನಿನೊಮಿಯಾ ಮಾಡಿದ ಕೆಲಸ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ರೇಸಿಗೆ ಕೆಲವು ವಾರ ಮೊದಲು ಹೋಗಿ ಇಳಿಯುವ ಬದಲು ಕುದುರೆಯನ್ನು ವಸಂತದಲ್ಲೇ ಫ್ರಾನ್ಸಿಗೆ ಒಯ್ದು ಅಲ್ಲೇ ಇಟ್ಟರು. ಮೇ ತಿಂಗಳಲ್ಲಿ ಪ್ರಿ ದಿಸ್ಪಾಹಾನ್‌ನಲ್ಲಿ ಎರಡನೆಯದು. ಜುಲೈನಲ್ಲಿ ಗ್ರಾಂ ಪ್ರಿ ದ ಸೇಂಟ್ ಕ್ಲೂ ಗೆಲುವು. ಸೆಪ್ಟೆಂಬರ್‌ನಲ್ಲಿ ಪ್ರಿ ಫುವಾ ಗೆಲುವು. ಅಕ್ಟೋಬರ್ ಹೊತ್ತಿಗೆ ಆ ಕುದುರೆಯ ಕಾಲಿಗೆ ಫ್ರಾನ್ಸಿನ ನೆಲ ಪರದೇಶವಾಗಿ ಉಳಿದಿರಲಿಲ್ಲ. ಆರ್ಕ್ ದಿನ ನೆಲ ತೀರಾ ಭಾರ. ಎಬಿನಾ ಸವಾರಿಯಲ್ಲಿ ಅದು ಮೊದಲಿನಿಂದಲೇ ಮುಂದೆ ನಿಂತು ಓಡಿತು, ಕೊನೆಯಲ್ಲಿ ಮೊಂಜ್ಯೂ ಅರ್ಧ ಲೆಂಗ್ತ್‌ನಿಂದ ದಾಟಿತು. ಮೂರನೆಯದು ಬಂದದ್ದು ಇನ್ನೂ ಆರು ಲೆಂಗ್ತ್ ಹಿಂದೆ. ಮೊಂಜ್ಯೂ ಮೂರು ವರ್ಷದ ಕುದುರೆ, ಹೊತ್ತದ್ದು 56 ಕಿಲೊ. ಎಲ್ ಕೊಂಡೋರ್ ಪಾಸಾ ನಾಲ್ಕು ವರ್ಷದ್ದು, ಹೊತ್ತದ್ದು 59.5 ಕಿಲೊ.

ವಯಸ್ಸು, ಲಿಂಗ ನೋಡಿ ಹೊರಿಸುವ ಈ ತೂಕದ ಅಂತರ ಸಣ್ಣದಲ್ಲ. ಜಪಾನಿನ ದೊಡ್ಡ ರೇಸುಗಳಲ್ಲಿ ಪ್ರಾಯದ ಕುದುರೆಗಳು 57, 58 ಕಿಲೊ ಹೊತ್ತು ಓಡುತ್ತಿದ್ದವು. 2006ರ ಆರ್ಕ್‌ನಲ್ಲಿ, ಒಣಗಿದ ಒಳ್ಳೆಯ ನೆಲದ ಮೇಲೆ, ಡೀಪ್ ಇಂಪ್ಯಾಕ್ಟ್ 59.5 ಕಿಲೊ ಹೊತ್ತು ಮೂರನೆಯದಾಗಿ ಬಂತು (ಫ್ರಾನ್ಸಿನಲ್ಲಿ ಕೆಮ್ಮಿಗೆಂದು ಕೊಟ್ಟ ಉಸಿರಾಟದ ಔಷಧದ ಅಂಶ ಸಿಕ್ಕಿದ್ದರಿಂದ ಆ ಸ್ಥಾನವೂ ಆಮೇಲೆ ರದ್ದಾಯಿತು). ಗೆದ್ದ ರೇಲ್ ಲಿಂಕ್ ಮೂರು ವರ್ಷದ್ದು. 2013ರಲ್ಲಿ ಓರ್ಫೆವ್ರ್‌ನನ್ನು ಸೋಲಿಸಿದ ತ್ರೇವ್ ಹೊತ್ತದ್ದು 54.5 ಕಿಲೊ, ಓರ್ಫೆವ್ರ್ 59.5. ಹಾಗಾದರೆ ಮೂರು ವರ್ಷದವನ್ನೇ ಕಳುಹಿಸಿದರೆ ಆಯಿತಲ್ಲ ಎಂದರೆ, ಅದನ್ನೂ ಮಾಡಿ ನೋಡಿದ್ದಾರೆ. ಶಿನ್ ಎಂಪರರ್ ಹೊತ್ತದ್ದು ಹಗುರವಾದ 56.5 ಕಿಲೊವೇ. ಹದಿನಾಲ್ಕನೆಯದಾದ ಮಕಾಹಿಕಿ, ಹತ್ತೊಂಬತ್ತನೆಯದಾದ ಡೂ ಡ್ಯೂಸ್ ಕೂಡ ಮೂರು ವರ್ಷದವು. ತೂಕ ಅರ್ಧ ಲೆಂಗ್ತ್ ಸೋಲಿಗೆ ಉತ್ತರವಾಗಬಹುದು, ಹತ್ತೊಂಬತ್ತನೆಯ ಸ್ಥಾನಕ್ಕೆ ಆಗಲಾರದು.

ಹನ್ನೊಂದು ವರ್ಷದ ನಂತರ ನಕಯಾಮ ಫೆಸ್ಟಾವನ್ನು ಒಯ್ದದ್ದೂ ಅದೇ ನಿನೊಮಿಯಾ, ಅದೇ ಎಬಿನಾ. ವರ್ಕ್‌ಫೋರ್ಸ್ ಎದುರು ಸೋತದ್ದು ತಲೆಯಳತೆಯಲ್ಲಿ. ಅದು ಜಪಾನಿನ ಸರ್ವಶ್ರೇಷ್ಠ ಕುದುರೆ ಎಂದು ಯಾರೂ ಹೇಳುತ್ತಿರಲಿಲ್ಲ. ಇಲ್ಲೊಂದು ವಂಶದ ಸೂತ್ರ ಸಿಗುತ್ತದೆ: ನಕಯಾಮ ಫೆಸ್ಟಾ, ಓರ್ಫೆವ್ರ್ ಎರಡೂ ಸ್ಟೇ ಗೋಲ್ಡ್‌ನ ಮಕ್ಕಳು. ಸ್ಟೇ ಗೋಲ್ಡ್ ತವರಿನಲ್ಲಿ ಒಂದೂ ಜಿ1, ಅಂದರೆ ಅತ್ಯುನ್ನತ ದರ್ಜೆಯ ರೇಸ್, ಗೆಲ್ಲದ ಸಣ್ಣ ಮೈಯ ಕುದುರೆ. ಎರಡನೆಯ ಸ್ಥಾನಕ್ಕೇ ಹುಟ್ಟಿದ್ದು ಎಂಬ ಹೆಸರು ಹೊತ್ತಿತ್ತು. 2001ರಲ್ಲಿ ದುಬೈಗೆ ಹೋಗಿ ಫೆಂಟಾಸ್ಟಿಕ್ ಲೈಟ್‌ನಂಥ ಕುದುರೆಯನ್ನು ಮೂಗಿನಳತೆಯಲ್ಲಿ ಸೋಲಿಸಿತು. ಅದೇ ವರ್ಷದ ಕೊನೆಗೆ, ತನ್ನ ಐವತ್ತನೆಯ ಮತ್ತು ಕೊನೆಯ ಓಟದಲ್ಲಿ, ಹಾಂಗ್‌ಕಾಂಗ್ ವಾಸ್ ಗೆದ್ದಿತು. ಮನೆಯಲ್ಲಿ ಸೋತು ಹೊರಗೆ ಗೆದ್ದ ಕುದುರೆಯ ಮಕ್ಕಳೇ ಲಾಂಗ್‌ಶಾಂನಲ್ಲಿ ಮೂರು ಬಾರಿ ಗೆಲುವಿನ ಬಾಗಿಲು ತಟ್ಟಿದ್ದು ಕಾಕತಾಳೀಯ ಎಂದು ನನಗನಿಸುವುದಿಲ್ಲ. ಟೋಕಿಯೊದ ವೇಗಕ್ಕೆ ಹೇಳಿ ಮಾಡಿಸಿದ ಮೈ ಅಲ್ಲದ್ದೇ ಅವಕ್ಕೆ ಅಲ್ಲಿ ಅನುಕೂಲವಾಯಿತು.

2012ರ ಆರ್ಕ್‌ನ ಕೊನೆಯ ಮುನ್ನೂರು ಮೀಟರ್ ನೋಡಿದವರು ಮರೆಯುವಂಥದ್ದಲ್ಲ. ನೆಲ ಅಂಟಂಟು. ಓರ್ಫೆವ್ರ್‌ಗೆ ಸಿಕ್ಕಿದ್ದು ಎಲ್ಲಕ್ಕಿಂತ ಹೊರಗಿನ, ಹದಿನೆಂಟನೆಯ ಗೇಟ್. ನೇರ ಓಟಕ್ಕೆ ತಿರುಗಿದಾಗ ಜಾಕಿ ಕ್ರಿಸ್ಟೋಫ್ ಸುಮಿಯೋಂ ಇನ್ನೂ ಲಗಾಮು ಹಿಡಿದೇ ಕೂತಿದ್ದ. ಪಕ್ಕದ ಕುದುರೆಗಳೆಲ್ಲ ಚಾಟಿ ಕಾಣುತ್ತಿದ್ದವು. ಬಿಟ್ಟ ಕೂಡಲೇ ಹೊರಗಡೆಯಿಂದ ಎಲ್ಲವನ್ನೂ ದಾಟಿ ಮುಂದೆ ಬಂತು. ರೇಸ್ ಮುಗಿಯಿತು ಅನ್ನಿಸಿತು. ಆಗ ಅದು ಬಲಕ್ಕೆ ವಾಲಲು ಶುರುಮಾಡಿತು. ವಾಲುತ್ತಾ ವಾಲುತ್ತಾ ಒಳಗಿನ ರೇಲ್‌ವರೆಗೂ ಹೋಯಿತು. ಹಿಂದೆ ಬಿದ್ದಿದ್ದ ಸೊಲೆಮಿಯಾ ಒಂದೊಂದೇ ಹೆಜ್ಜೆ ಕಸಿದುಕೊಂಡು ಗುರಿಯ ಹತ್ತಿರ ಕತ್ತಿನಳತೆಯಲ್ಲಿ ಗೆದ್ದಳು.

ಇದನ್ನು ಪರದೇಶದ ಸೋಲು ಎಂದು ಬರೆದವರು ಆರು ತಿಂಗಳು ಹಿಂದಿನ ಹಾನ್ಶಿನ್ ರೇಸನ್ನು ಮರೆತಿದ್ದಾರೆ. ಅಲ್ಲಿ, ತನ್ನ ಸ್ವಂತ ದೇಶದಲ್ಲಿ, ಇದೇ ಓರ್ಫೆವ್ರ್ ಮುಂದೆ ಓಡುತ್ತಿದ್ದಾಗ ತಿರುವಿನಲ್ಲಿ ಹೊರಗೆ ಸಿಡಿದು ನಿಂತೇಬಿಡುವಂತಾಗಿ, ಮತ್ತೆ ಬೆನ್ನಟ್ಟಿ ಎರಡನೆಯದಾಗಿ ಬಂದಿತ್ತು. ಹಿಂದಿನ ವರ್ಷ ಟ್ರಿಪಲ್ ಕ್ರೌನ್ ಪೂರ್ತಿ ಮಾಡಿದ ದಿನ ಗುರಿ ದಾಟಿದ ಮೇಲೆ ತನ್ನ ಜಾಕಿಯನ್ನೇ ಬೀಳಿಸಿತ್ತು. ಮುಂದೆ ಯಾರೂ ಇಲ್ಲದಾಗ ದಾರಿ ತಪ್ಪುವುದು ಅದರ ಹುಟ್ಟುಗುಣ. ಪ್ಯಾರಿಸ್‌ನಲ್ಲಿ ಅದು ಸೋತದ್ದು ತನ್ನ ಮನೆಯ ಚಾಳಿಯಿಂದಲೇ. ಹೊರಗಿನ ಪ್ರತಿ ಸೋಲನ್ನೂ ಹೊರಗಿನದರ ತಲೆಗೆ ಕಟ್ಟುವ ಮೊದಲು ಕುದುರೆಯ ತವರಿನ ರೇಸುಗಳನ್ನು ಒಮ್ಮೆ ಕೂತು ನೋಡಬೇಕು ಅನ್ನುವುದು ಇದಕ್ಕೆ.

ಯಾವ ಕುದುರೆ, ಯಾವ ರೇಸಿಗೆ

ಹಾಗಾದರೆ ಎಲ್ ಕೊಂಡೋರ್ ಪಾಸಾದ ದಾರಿಯನ್ನು ಎಲ್ಲರೂ ಏಕೆ ಹಿಡಿಯುವುದಿಲ್ಲ? ಲೆಕ್ಕ ಸರಳ. ಜಪಾನ್ ಕಪ್‌ನ ಮೊದಲ ಬಹುಮಾನವೇ ಈಗ 50 ಕೋಟಿ ಯೆನ್. ಆರ್ಕ್‌ನ ಒಟ್ಟು ಬಹುಮಾನ 50 ಲಕ್ಷ ಯೂರೊ, ಗೆದ್ದವರಿಗೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅರ್ಧ ವರ್ಷ ಫ್ರಾನ್ಸಿನಲ್ಲಿ ಕುದುರೆ ಇಡುವುದೆಂದರೆ ತವರಿನ ದೊಡ್ಡ ರೇಸುಗಳನ್ನು ಬಿಟ್ಟುಕೊಡುವುದು. ಆರ್ಕ್ ಬೇಕು, ತವರಿನ ಋತುವೂ ಬೇಕು ಎನ್ನುವ ಮಾಲೀಕರು ನಡುವಿನ ದಾರಿ ಹಿಡಿಯುತ್ತಾರೆ: ಆಗಸ್ಟ್ ಆಸುಪಾಸಿಗೆ ಹೋಗಿ, ಒಂದು ಸಣ್ಣ ರೇಸ್ ಓಡಿಸಿ, ಆರ್ಕ್‌ಗೆ ನಿಲ್ಲಿಸುವುದು.

ಆ ನಡುವಿನ ದಾರಿ ಎಷ್ಟು ದೂರ ಕರೆದೊಯ್ಯುತ್ತದೆಂದು 2025 ತೋರಿಸಿತು. ಜಪಾನಿನಿಂದ ಹೋದ ಮೂರೂ ಕುದುರೆಗಳು ಫ್ರಾನ್ಸಿನಲ್ಲಿ ತಮ್ಮ ಪೂರ್ವಸಿದ್ಧತೆಯ ರೇಸುಗಳನ್ನು ಗೆದ್ದವು. ಬಿಜಾಂಟಿನ್ ಡ್ರೀಮ್ ಪ್ರಿ ಫುವಾ ಗೆದ್ದಿತು, ಡರ್ಬಿ ಗೆದ್ದಿದ್ದ ಕ್ರುವಾ ದ್ಯು ನೋರ್ ಪ್ರಿ ದ್ಯು ಪ್ರಿನ್ಸ್ ದೋರಾಂಜ್ ಗೆದ್ದಿತು, ಅಲೋಹಿ ಅಲೀ ದೋವಿಲ್‌ನಲ್ಲಿ ಗೆದ್ದಿತು. ಆರ್ಕ್ ದಿನ ಬಿಜಾಂಟಿನ್ ಡ್ರೀಮ್ ಐದನೆಯದು, ಕ್ರುವಾ ದ್ಯು ನೋರ್ ಹದಿನಾಲ್ಕನೆಯದು. ಅಲೋಹಿ ಅಲೀಯೂ ಬಹಳ ಹಿಂದೆ. ಸಣ್ಣ ಗುಂಪಿನಲ್ಲಿ, ನಿಧಾನದ ಓಟದಲ್ಲಿ, ಕೊನೆಯ ವೇಗದಿಂದ ಗೆಲ್ಲುವುದು ಬೇರೆ; ತುಂಬಿದ ಗುಂಪಿನಲ್ಲಿ ಏರು ಹತ್ತಿ ಕೆಸರಿನಲ್ಲಿ ತಡೆದುಕೊಳ್ಳುವುದು ಬೇರೆ.

ಶಿನ್ ಎಂಪರರ್‌ನ ಪ್ರಕರಣದಲ್ಲಿ ನಾನು ಬೆರಳಿಡುವುದು ಆರ್ಕ್ ವಾರದ ನಿರ್ಧಾರದ ಮೇಲೆ. ನೆಲ ಮೆತ್ತಗಾಗುತ್ತಿದೆ ಎಂದು ಗೊತ್ತಾದ ಮೇಲೂ ಕುದುರೆಯನ್ನು ಹಿಂದೆ ತೆಗೆಯುವುದು ಎಷ್ಟು ಕಷ್ಟ ಎಂದು ಊಹಿಸಬಲ್ಲೆ. ಇಷ್ಟು ದೂರ ಬಂದಿದ್ದೇವೆ, ಇಷ್ಟು ಖರ್ಚಾಗಿದೆ, ತವರಿನಲ್ಲಿ ಜನ ರಾತ್ರಿ ಎದ್ದು ಕೂತಿದ್ದಾರೆ, ಅಣ್ಣ ಗೆದ್ದ ರೇಸ್ ಬೇರೆ. ಈ ಭಾರವೆಲ್ಲ ಮನುಷ್ಯರದು. ಅದನ್ನು ಹೊತ್ತು ಓಡಬೇಕಾದದ್ದು ಕುದುರೆ. ಲೆಪರ್ಡ್ಸ್‌ಟೌನ್‌ನಲ್ಲಿ ಅಷ್ಟು ಚೆನ್ನಾಗಿ ಓಡಿದ ಕುದುರೆಗೆ ಅದೇ ಬಗೆಯ ನೆಲದ ಇನ್ನೊಂದು ದೊಡ್ಡ ರೇಸ್ ಹುಡುಕುವುದು ಅದರ ಮಟ್ಟಿಗೆ ಹೆಚ್ಚು ನ್ಯಾಯವಾಗುತ್ತಿತ್ತು.

ಅಂಥ ರೇಸ್ ಬೇಗನೆ ಸಿಕ್ಕಿತು ಕೂಡ. 2025ರ ಫೆಬ್ರವರಿಯಲ್ಲಿ ಶಿನ್ ಎಂಪರರ್ ಸೌದಿ ಅರೇಬಿಯಾದ ರಿಯಾದ್‌ಗೆ ಹೋಯಿತು. ಮತ್ತೆ ವಿಮಾನ, ಮತ್ತೆ ಹೊಸ ಲಾಯ, ಮತ್ತೆ ಹೊಸ ನೀರು. 2100 ಮೀಟರಿನ ನಿಯೋಮ್ ಟರ್ಫ್ ಕಪ್, ಒಣಗಿದ ವೇಗದ ಹುಲ್ಲು, ಬೆನ್ನ ಮೇಲೆ ಅದೇ ಸಕಾಯ್. ಮುಂದೆ ನಿಂತು ಓಡಿ, ಮುಂದೆ ಇದ್ದೇ ಗೆದ್ದಿತು.